ಮುರಿಯೋಕಾಗದ ಬೇಸ್‌ಬಾಲ್ ದಾಖಲೆ: ನಿಜವೋ, ಸುಮ್ನೆ ಮಾತೋ? ನೀವೇ ಲೆಕ್ಕ ಹಾಕಿ

ಬೇಸ್‌ಬಾಲ್ ಕಾಮೆಂಟರಿಯನ್ನು ನಾಲ್ಕು ದಿನ ಕೇಳಿದರೆ ಸಾಕು, "ಈ ದಾಖಲೆಯನ್ನು ಇನ್ನು ಯಾರೂ ಮುರಿಯಲ್ಲ" ಅನ್ನುವ ಮಾತು ಬಂದೇ ಬರುತ್ತದೆ. ಹೇಳುವವರಿಗೆ ಕಾಸು ಖರ್ಚಿಲ್ಲ. ಲೂ ಗೆರಿಗ್ ಒಂದು ಪಂದ್ಯವನ್ನೂ ತಪ್ಪಿಸದೆ ಸತತ 2,130 ಪಂದ್ಯ ಆಡಿದ್ದರ ಬಗ್ಗೆಯೂ ಹೀಗೇ ಹೇಳುತ್ತಿದ್ದರು. 1995ರಲ್ಲಿ ಕ್ಯಾಲ್ ರಿಪ್ಕೆನ್ ಅದನ್ನು ದಾಟಿದರು. 1920ರಲ್ಲಿ ಜಾರ್ಜ್ ಸಿಸ್ಲರ್ ಒಂದೇ ಸೀಸನ್‌ನಲ್ಲಿ ಹೊಡೆದ 257 ಹಿಟ್‌ಗಳು, ಅಂದರೆ ಔಟಾಗದೆ ಓಡಿ ಬೇಸ್ ಎಂಬ ನಿಲ್ದಾಣ ಮುಟ್ಟಿಸಿದ ಹೊಡೆತಗಳು, 84 ವರ್ಷ ಅಲುಗಾಡಲಿಲ್ಲ. 2004ರಲ್ಲಿ ಜಪಾನಿನ ಇಚಿರೊ ಸುಜುಕಿ 262 ಹೊಡೆದರು.

ಹಾಗಾದರೆ ಯಾವ ದಾಖಲೆ ನಿಜಕ್ಕೂ ಗಟ್ಟಿ, ಯಾವುದು ಬರೀ ಹಳೆಯದು? ಇದನ್ನು ತೂಗಿ ನೋಡೋಕೆ ಪಂಡಿತರಾಗಬೇಕಿಲ್ಲ. ಫೋನ್‌ನಲ್ಲಿರುವ ಕ್ಯಾಲ್ಕುಲೇಟರ್ ಮತ್ತು ಬೇಸ್‌ಬಾಲ್-ರೆಫರೆನ್ಸ್ ಎಂಬ ವೆಬ್‌ಸೈಟ್ ಇದ್ದರೆ ಆಯ್ತು. ಪ್ರತಿ ಆಟಗಾರನ ಪ್ರತಿ ವರ್ಷದ ಅಂಕಿಗಳೂ ಅಲ್ಲಿ ಪುಕ್ಕಟೆ ಸಿಗುತ್ತವೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದಾಖಲೆ ಮಾಡಿದವರು ಎಷ್ಟು ದೊಡ್ಡ ಆಟಗಾರರು ಅಂತ ನೋಡುವ ಮೊದಲು, ಅವರು ಮಾಡುತ್ತಿದ್ದ ಕೆಲಸವನ್ನು ಈಗ ಯಾರಿಗಾದರೂ ಕೊಡುತ್ತಾರಾ ಅಂತ ನೋಡಿ. ಮುಕ್ಕಾಲು ಪಾಲು ಉತ್ತರ ಅಲ್ಲೇ ಸಿಗುತ್ತದೆ.

ಕ್ರಿಕೆಟ್ ಮಾತ್ರ ಗೊತ್ತಿರುವವರಿಗೆ ಎರಡು ಮಾತು. ಅಮೆರಿಕದ ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ. ಪ್ರತಿ ತಂಡವೂ ಒಂದು ಸೀಸನ್‌ಗೆ 162 ಪಂದ್ಯ ಆಡುತ್ತದೆ, ಹೆಚ್ಚುಕಡಿಮೆ ದಿನಾ ಒಂದು. ಪಂದ್ಯಕ್ಕೆ 9 ಇನಿಂಗ್ಸ್, ಪ್ರತಿಯೊಂದರಲ್ಲೂ ತಂಡಕ್ಕೆ ಮೂರು ಔಟ್ ಆಗುವ ತನಕ ಬ್ಯಾಟಿಂಗ್. ಬ್ಯಾಟರ್ ಮೂರು ಬೇಸ್ ಮುಟ್ಟಿ ಶುರುವಿನ ಜಾಗಕ್ಕೆ ವಾಪಸ್ ಬಂದರೆ ಒಂದು ರನ್. ನಮ್ಮ ಬೌಲರ್ ಇದ್ದ ಹಾಗೆ ಅಲ್ಲಿ ಪಿಚರ್. ಆದರೆ ಇಲ್ಲಿ ಓವರ್ ಮುಗಿದ ಕೂಡಲೇ ಇನ್ನೊಬ್ಬ ಬರುವ ಪದ್ಧತಿಯಿಲ್ಲ. ಪಂದ್ಯ ಶುರು ಮಾಡಿದ ಪಿಚರ್‌ನನ್ನು ಮ್ಯಾನೇಜರ್ ಬದಲಾಯಿಸುವ ತನಕ ಅವನೇ ಎಸೆಯುತ್ತಿರುತ್ತಾನೆ. ಒಮ್ಮೆ ಹೊರಗೆ ಹೋದರೆ ಆ ಪಂದ್ಯಕ್ಕೆ ಮತ್ತೆ ಬರುವ ಹಾಗಿಲ್ಲ.

ಹೆಜ್ಜೆ 1: ದಾಖಲೆ ಯಾವ ಬಗೆಯದು ಅಂತ ಗುರುತಿಸಿ

ಇಡೀ ವೃತ್ತಿಜೀವನದಲ್ಲಿ ಕೂಡಿಟ್ಟದ್ದಾ? ಒಂದೇ ಸೀಸನ್‌ನದ್ದಾ? ಸತತವಾಗಿ ಮಾಡಿದ್ದಾ? ಇಲ್ಲಾ ಒಂದೇ ದಿನದ ಚಮತ್ಕಾರವಾ? ಒಂದೊಂದಕ್ಕೂ ಲೆಕ್ಕದ ದಾರಿ ಬೇರೆ.

ಇದರ ಜೊತೆಗೇ ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆ ಇದೆ: ಮುರಿಯಬೇಕಾದರೆ ಎಷ್ಟು ಬೇಕು, ಸರಿಗಟ್ಟಬೇಕಾದರೆ ಎಷ್ಟು? 1999ರ ಫೆಬ್ರವರಿಯಲ್ಲಿ ದೆಹಲಿಯ ಕೋಟ್ಲಾದಲ್ಲಿ ನಮ್ಮ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದರಲ್ಲ, ಆ ಹತ್ತನ್ನು ಸರಿಗಟ್ಟಬಹುದು. ಹನ್ನೊಂದನೇ ವಿಕೆಟ್ ಅಂತ ಒಂದು ಇಲ್ಲವೇ ಇಲ್ಲ. ಬೇಸ್‌ಬಾಲ್‌ನಲ್ಲೂ ಇಂಥವು ಇವೆ, ಅಷ್ಟು ಕಟ್ಟುನಿಟ್ಟಾಗಿ ಅಲ್ಲದಿದ್ದರೂ.

ಅದೇ 1999ರ ಏಪ್ರಿಲ್ 23ರಂದು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಫರ್ನಾಂಡೊ ಟಾಟಿಸ್ ಒಂದೇ ಇನಿಂಗ್ಸ್‌ನಲ್ಲಿ ಎರಡು ಗ್ರ್ಯಾಂಡ್ ಸ್ಲ್ಯಾಮ್ ಹೊಡೆದರು. ಅಂದರೆ ಮೂರೂ ಬೇಸ್‌ನಲ್ಲಿ ತಮ್ಮವರು ನಿಂತಿರುವಾಗ ಹೊಡೆದ ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ), ಎರಡು ಸಲ. ಎರಡೂ ಸಲ ಎಸೆದವರು ಒಬ್ಬರೇ, ಲಾಸ್ ಏಂಜಲೀಸ್ ಡಾಡ್ಜರ್ಸ್‌ನ ಚಾನ್ ಹೋ ಪಾರ್ಕ್. ಪಾಪ ಅನ್ನಿಸುತ್ತದೆ. ಇದನ್ನು ಮುರಿಯಬೇಕಾದರೆ ಒಂದೇ ಇನಿಂಗ್ಸ್‌ನಲ್ಲಿ ಮೂರು ಹೊಡೆಯಬೇಕು. ಮೂರನೇ ಸಲ ಬ್ಯಾಟಿಂಗ್ ಸಿಗಬೇಕಾದರೇ ಅದಕ್ಕೂ ಮೊದಲು ಆ ಇನಿಂಗ್ಸ್‌ನಲ್ಲಿ 20ರಷ್ಟು ಬ್ಯಾಟರ್‌ಗಳು ಬಂದು ಹೋಗಿರಬೇಕು. ಇಂಥದ್ದಕ್ಕೆ ಕ್ಯಾಲ್ಕುಲೇಟರ್ ಬೇಡ, ನೇರವಾಗಿ "ಗಟ್ಟಿ" ಪಟ್ಟಿಗೆ ಹಾಕಿ.

ಜಾನಿ ವ್ಯಾಂಡರ್ ಮೀರ್ ಅವರದ್ದೂ ಹೀಗೇ. 1938ರ ಜೂನ್ 11 ಮತ್ತು 15ರಂದು, ಬೆನ್ನುಬೆನ್ನಿಗೆ ಎರಡು ಪಂದ್ಯಗಳಲ್ಲಿ ಎದುರಾಳಿಗೆ ಒಂದೂ ಹಿಟ್ ಕೊಡಲಿಲ್ಲ. ಇದಕ್ಕೆ ನೋ-ಹಿಟರ್ ಅನ್ನುತ್ತಾರೆ. ಒಂದು ನೋ-ಹಿಟರ್ ಎಸೆಯದೆಯೇ ನಿವೃತ್ತರಾದ ದೊಡ್ಡ ಪಿಚರ್‌ಗಳು ಎಷ್ಟೋ ಮಂದಿ. ಈ ದಾಖಲೆ ಮುರಿಯಲು ಸತತ ಮೂರು ಬೇಕು. 1947ರಲ್ಲಿ ಇವಲ್ ಬ್ಲ್ಯಾಕ್‌ವೆಲ್ ಸರಿಗಟ್ಟುವ ಹತ್ತಿರ ಬಂದಿದ್ದರು, ಎರಡನೇ ನೋ-ಹಿಟರ್‌ಗೆ ಎರಡೇ ಔಟ್ ಬಾಕಿಯಿತ್ತು. ಅಲ್ಲಿಗೆ ತಪ್ಪಿತು.

ಹೆಜ್ಜೆ 2: ಒಟ್ಟು ಸಂಖ್ಯೆಯನ್ನು ವರ್ಷಗಳಿಗೆ ಹಂಚಿ

ವೃತ್ತಿಜೀವನದ ದಾಖಲೆಗಳಿಗೆ ಇದೇ ಮೊದಲ ಕೆಲಸ. ಬರೀ ಭಾಗಾಕಾರ.

ಸೈ ಯಂಗ್ 1890ರಿಂದ 1911ರವರೆಗೆ 22 ಸೀಸನ್ ಆಡಿ, ಪಿಚರ್ ಆಗಿ 511 ಪಂದ್ಯ ಗೆದ್ದರು. ಬೇಸ್‌ಬಾಲ್‌ನಲ್ಲಿ ತಂಡದ ಗೆಲುವು-ಸೋಲನ್ನು ಒಬ್ಬ ಪಿಚರ್ ಹೆಸರಿಗೆ ಬರೆಯುತ್ತಾರೆ. ಪಟ್ಟಿಯಲ್ಲಿ ಎರಡನೆಯವರಾದ ವಾಲ್ಟರ್ ಜಾನ್ಸನ್ ಅವರದ್ದು 417. ಈಗ ಹಂಚಿ ನೋಡಿ. ಒಬ್ಬ ಪಿಚರ್ 20 ವರ್ಷ ವರ್ಷಕ್ಕೆ 25ರಂತೆ ಗೆದ್ದರೂ 500 ಆಗುತ್ತದೆ, ಇನ್ನೂ 11 ಕಡಿಮೆ. ಒಂದು ಸೀಸನ್‌ನಲ್ಲಿ ಕೊನೆಯ ಸಲ ಯಾರಾದರೂ 25 ಮುಟ್ಟಿದ್ದು ಯಾವಾಗ? 1990ರಲ್ಲಿ, ಬಾಬ್ ವೆಲ್ಚ್ 27 ಗೆದ್ದಾಗ. ವೃತ್ತಿಜೀವನದಲ್ಲಿ 300 ಗೆದ್ದ ಕೊನೆಯವರು ರ್‍ಯಾಂಡಿ ಜಾನ್ಸನ್, 2009ರಲ್ಲಿ ಆ ಗೆರೆ ದಾಟಿದರು. ಅವರ ನಂತರ ಒಬ್ಬರೂ ಮುಟ್ಟಿಲ್ಲ.

ಯಂಗ್ ಸೋತ ಪಂದ್ಯಗಳು ಸುಮಾರು 315. ಅದೂ ದಾಖಲೆಯೇ! ಅಷ್ಟು ಸಲ ಸೋತರೂ ಮತ್ತೆ ಮತ್ತೆ ಚೆಂಡು ಕೈಗೆ ಕೊಡುತ್ತಿದ್ದರು ಅಂದರೆ ಎಂಥ ನಂಬಿಕೆ ಇರಬೇಕು ನೋಡಿ. ಈ ದಾಖಲೆ ಕೂಡ ಮುರಿಯುವ ಹಾಗೆ ಕಾಣುವುದಿಲ್ಲ, ಅದರ ಬಗ್ಗೆ ಮಾತ್ರ ಯಾರೂ ಮಾತಾಡಲ್ಲ.

ಭಾಗಾಕಾರ ಮಾಡಿದ ಮೇಲೆ ನಿಮಗೊಂದು ವಾರ್ಷಿಕ ಸಂಖ್ಯೆ ಸಿಗುತ್ತದೆ. ಆ ಸಂಖ್ಯೆಯನ್ನು ಕಳೆದ ಹತ್ತು ವರ್ಷಗಳಲ್ಲಿ ಯಾರಾದರೂ ಒಂದು ಸಲವಾದರೂ ಮುಟ್ಟಿದ್ದಾರಾ ಅಂತ ಹುಡುಕಿ. ಒಂದು ಸಲವೂ ಮುಟ್ಟದೇ ಇದ್ದದ್ದನ್ನು 20 ಸಲ ಮುಟ್ಟುವುದು ಹೇಗೆ?

ಹೆಜ್ಜೆ 3: ಆ ಕೆಲಸ ಈಗಲೂ ಇದೆಯಾ ಅಂತ ವಿಚಾರಿಸಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ನಿಮಗೆ ಟೈಮ್ ಇಲ್ಲ ಅಂದರೆ ಉಳಿದದ್ದು ಬಿಟ್ಟು ಇದೊಂದನ್ನೇ ಮಾಡಿ.

ಮತ್ತೆ ಸೈ ಯಂಗ್ ಅವರನ್ನೇ ತೆಗೆದುಕೊಳ್ಳೋಣ. ಅವರು ಶುರು ಮಾಡಿದ ಪಂದ್ಯಗಳು 815. ಅದರಲ್ಲಿ 749ನ್ನು ಮೊದಲಿಂದ ಕೊನೆಯವರೆಗೆ ತಾವೇ ಎಸೆದು ಮುಗಿಸಿದರು. ನೂರಕ್ಕೆ 92ರಷ್ಟು. ಇದಕ್ಕೆ ಕಂಪ್ಲೀಟ್ ಗೇಮ್ ಅನ್ನುತ್ತಾರೆ. ಈಗ 30 ತಂಡಗಳ ಎಲ್ಲ ಪಿಚರ್‌ಗಳೂ ಸೇರಿ ಒಂದು ಸೀಸನ್‌ನಲ್ಲಿ 40 ಕಂಪ್ಲೀಟ್ ಗೇಮ್ ಮಾಡುವುದೂ ಕಷ್ಟ. ಒಬ್ಬ ಮನುಷ್ಯ ಮಾಡಿದ್ದನ್ನು ಈಗ ಇಡೀ ಲೀಗ್ ಸೇರಿ ಮಾಡೋಕೂ ಸುಮಾರು 20 ವರ್ಷ ಬೇಕು. ಆದ್ದರಿಂದ ನನ್ನ ಪಟ್ಟಿಯಲ್ಲಿ 511ಕ್ಕಿಂತ 749 ಮೇಲಿದೆ. ಗೆಲುವಿನ ಲೆಕ್ಕ ಜಾಸ್ತಿ ಹೆಸರುವಾಸಿ, ಆದರೆ ಕಂಪ್ಲೀಟ್ ಗೇಮ್‌ನ ಲೆಕ್ಕವೇ ಜಾಸ್ತಿ ಗಟ್ಟಿ.

ಯಾಕೆ ಹೀಗಾಯಿತು? ಈಗಿನ ಪಿಚರ್‌ಗಳು ಸೋಮಾರಿಗಳು ಅನ್ನೋದು ಹಳಬರ ಗೊಣಗಾಟ, ಅದನ್ನು ನಂಬಬೇಡಿ. ಯಂಗ್ ಕಾಲದಲ್ಲಿ ಹೋಮ್ ರನ್ ಅಪರೂಪ. ಬ್ಯಾಟರ್‌ಗಳು ಚೆಂಡನ್ನು ತಳ್ಳಿ ಓಡುತ್ತಿದ್ದರು. ಪಿಚರ್ ಪ್ರತಿ ಎಸೆತಕ್ಕೂ ಪೂರ್ತಿ ಶಕ್ತಿ ಹಾಕಬೇಕಿರಲಿಲ್ಲ. ಈಗ ಒಂಬತ್ತು ಬ್ಯಾಟರ್‌ಗಳಲ್ಲಿ ಯಾರು ಬೇಕಾದರೂ ಚೆಂಡನ್ನು ಗ್ಯಾಲರಿಗೆ ಕಳಿಸಬಹುದು. ಹಾಗಾಗಿ ಪಿಚರ್ ಪ್ರತಿ ಎಸೆತವನ್ನೂ ಇರುವ ಬಲವೆಲ್ಲ ಹಾಕಿ ಎಸೆಯುತ್ತಾನೆ. ಫಾಸ್ಟ್‌ಬಾಲ್‌ನ ಸರಾಸರಿ ವೇಗವೇ ಗಂಟೆಗೆ 150 ಕಿಲೋಮೀಟರ್ ದಾಟಿದೆ. ಮೊಣಕೈ ಎಷ್ಟು ತಾಳುತ್ತದೆ? 1974ರಲ್ಲಿ ಟಾಮಿ ಜಾನ್ ಎಂಬ ಪಿಚರ್‌ಗೆ ಮೊದಲ ಸಲ ಮಾಡಿದ ಮೊಣಕೈ ಸರ್ಜರಿ ಇವತ್ತು ಅವರ ಹೆಸರಿನಲ್ಲೇ ನಡೆಯುತ್ತಿದೆ, ಅಷ್ಟು ಮಾಮೂಲಾಗಿದೆ. ಕೋಟಿಗಟ್ಟಲೆ ಡಾಲರ್ ಕೊಟ್ಟು ಕರೆತಂದ ಕೈಯನ್ನು ಯಾವ ಮಾಲೀಕರೂ ಒಂದು ಗೆಲುವಿಗಾಗಿ ಪಣಕ್ಕಿಡುವುದಿಲ್ಲ. ಇನ್ನೊಂದು ಕಾರಣ: ಒಬ್ಬನೇ ಪಿಚರ್‌ನನ್ನು ಮೂರನೇ ಸಲ ಎದುರಿಸುವಾಗ ಬ್ಯಾಟರ್‌ಗಳು ಜಾಸ್ತಿ ಹೊಡೆಯುತ್ತಾರೆ. ಇದು ಅಂಕಿಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆರನೇ ಇನಿಂಗ್ಸ್ ಹೊತ್ತಿಗೆ ಬುಲ್‌ಪೆನ್‌ನಿಂದ, ಅಂದರೆ ಕಾಯುತ್ತಿರುವ ಪಿಚರ್‌ಗಳ ಗುಂಪಿನಿಂದ, ಹೊಸ ಕೈ ಬರುತ್ತದೆ.

ಶುರು ಮಾಡುವ ಪಿಚರ್‌ಗಳು ಐದು ಮಂದಿ. ಸರದಿಯ ಮೇಲೆ ಎಸೆದರೆ ಒಬ್ಬನಿಗೆ ಸೀಸನ್‌ಗೆ 32 ಅಥವಾ 33 ಪಂದ್ಯ. 1904ರಲ್ಲಿ ಜ್ಯಾಕ್ ಚೆಸ್‌ಬ್ರೊ 41 ಪಂದ್ಯ *ಗೆದ್ದಿದ್ದರು*. ಈಗ ಅಷ್ಟು ಪಂದ್ಯ ಶುರು ಮಾಡೋಕೇ ಸಿಗಲ್ಲ! ಯಂಗ್ ಎಸೆದ ಒಟ್ಟು 7,356 ಇನಿಂಗ್ಸ್‌ಗಳದ್ದೂ ಇದೇ ಕಥೆ. ವರ್ಷಕ್ಕೆ 200 ಇನಿಂಗ್ಸ್ ಎಸೆಯುವವರೇ ಈಗ ಬೆರಳೆಣಿಕೆಯಷ್ಟು. ಹಾಗೆ ಎಸೆದರೂ 36 ವರ್ಷಕ್ಕಿಂತ ಜಾಸ್ತಿ ಬೇಕು.

ನಿಯಮವೇ ಬಾಗಿಲು ಮುಚ್ಚಿದ ಉದಾಹರಣೆಯೂ ಇದೆ. 1920ರ ಮೇ 1ರಂದು ಬ್ರೂಕ್ಲಿನ್ ಮತ್ತು ಬಾಸ್ಟನ್ ತಂಡಗಳು 26 ಇನಿಂಗ್ಸ್ ಆಡಿದವು. ಕತ್ತಲಾಯಿತು, 1-1ಕ್ಕೆ ಪಂದ್ಯ ನಿಲ್ಲಿಸಿದರು. ಬ್ರೂಕ್ಲಿನ್‌ನ ಲಿಯಾನ್ ಕಡೋರ್ ಮತ್ತು ಬಾಸ್ಟನ್‌ನ ಜೋ ಓಶ್ಗರ್, ಇಬ್ಬರೂ ಪಿಚರ್‌ಗಳು 26 ಇನಿಂಗ್ಸನ್ನೂ ತಾವೇ ಎಸೆದರು. ಒಂದೇ ದಿನದಲ್ಲಿ ಸುಮಾರು ಮೂರು ಪಂದ್ಯದ ದುಡಿಮೆ. ಈಗ 9 ಇನಿಂಗ್ಸ್ ಸಮವಾಗಿ ಮುಗಿದರೆ ಹತ್ತನೆಯದರಿಂದ ಪ್ರತಿ ತಂಡಕ್ಕೂ ಎರಡನೇ ಬೇಸ್‌ನಲ್ಲಿ ಒಬ್ಬ ಓಟಗಾರನನ್ನು ಪುಕ್ಕಟೆ ನಿಲ್ಲಿಸುತ್ತಾರೆ. 2020ರಲ್ಲಿ ಬಂದ ಈ ನಿಯಮ 2023ರಿಂದ ಲೀಗ್ ಪಂದ್ಯಗಳಿಗೆ ಕಾಯಂ ಆಯಿತು. ಪಂದ್ಯ ಬೇಗ ಮುಗಿಯಲಿ ಅಂತಲೇ ತಂದದ್ದು. ಇಂಥ ಪಂದ್ಯಗಳಲ್ಲಿ 26 ಇನಿಂಗ್ಸ್ ಎಲ್ಲಿಂದ ಬರಬೇಕು? ಬಂದರೂ ಒಬ್ಬನೇ ಪಿಚರ್ ಅಷ್ಟು ಹೊತ್ತು ನಿಲ್ಲುವ ಪ್ರಶ್ನೆಯೇ ಇಲ್ಲ.

ಹೆಜ್ಜೆ 4: ಎರಡನೆಯವರು ಎಷ್ಟು ದೂರ ಅಂತ ನೋಡಿ, ಆದರೆ ಪೂರ್ತಿ ನಂಬಬೇಡಿ

ನೋಲನ್ ರಯಾನ್ 27 ಸೀಸನ್‌ಗಳಲ್ಲಿ 5,714 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದರು, ಅಂದರೆ ಚೆಂಡು ಹೊಡೆಯಲು ಬಿಡದೆಯೇ ಔಟ್ ಮಾಡಿದರು. ಎರಡನೆಯವರು ರ್‍ಯಾಂಡಿ ಜಾನ್ಸನ್, 4,875. ದೊಡ್ಡ ಅಂತರ. ರಯಾನ್ ಅವರ 7 ನೋ-ಹಿಟರ್‌ಗಳ ನಂತರ ಇರುವುದು ಸ್ಯಾಂಡಿ ಕೂಫ್ಯಾಕ್ಸ್ ಅವರ 4. ಇಲ್ಲೆಲ್ಲ ಅಂತರವೇ ಅರ್ಧ ಉತ್ತರ ಹೇಳುತ್ತದೆ.

ಆದರೆ ಟ್ರಿಪಲ್ ನೋಡಿ. ಹೊಡೆದು ಒಂದೇ ಉಸಿರಿಗೆ ಮೂರನೇ ಬೇಸ್ ತನಕ ಓಡಿದರೆ ಅದು ಟ್ರಿಪಲ್. ಸ್ಯಾಮ್ ಕ್ರಾಫರ್ಡ್ ಅವರದ್ದು 309, ಎರಡನೆಯವರಾದ ಟೈ ಕಾಬ್ ಅವರದ್ದು 295. ಬರೀ 14ರ ಅಂತರ. ಹಾಗಂತ ಇದು ಸುಲಭದ ದಾಖಲೆಯಾ? ಇಬ್ಬರೂ ನೂರು ವರ್ಷದ ಹಿಂದಿನವರು, ಒಂದೇ ತಂಡದಲ್ಲಿ ಜೊತೆಗೆ ಆಡಿದವರು. ಆಗಿನ ಮೈದಾನಗಳು ದೊಡ್ಡವು, ಚೆಂಡು ಗೋಡೆಯವರೆಗೆ ಉರುಳುತ್ತಾ ಹೋಗುತ್ತಿತ್ತು. 1912ರಲ್ಲಿ ಪಿಟ್ಸ್‌ಬರ್ಗ್‌ನ ಚೀಫ್ ವಿಲ್ಸನ್ ಒಂದೇ ಸೀಸನ್‌ನಲ್ಲಿ 36 ಟ್ರಿಪಲ್ ಹೊಡೆದರು. 2007ರಲ್ಲಿ ಕರ್ಟಿಸ್ ಗ್ರ್ಯಾಂಡರ್ಸನ್ 23 ಹೊಡೆದಾಗಲೇ ಎಲ್ಲರೂ ಬಾಯಿ ಮೇಲೆ ಬೆರಳಿಟ್ಟರು. ಎರಡನೆಯವರನ್ನು ನೋಡುವ ಬದಲು ಈಗ ಆಡುತ್ತಿರುವವರಲ್ಲಿ ಮೊದಲಿಗರು ಯಾರು, ಅವರದ್ದೆಷ್ಟು ಅಂತ ನೋಡುವುದು ವಾಸಿ.

ಹೆಜ್ಜೆ 5: ಸತತ ದಾಖಲೆಗಳಿಗೆ ಗುಣಾಕಾರ ಮಾಡಿ

1941ರ ಮೇ 15ರಿಂದ ಜುಲೈ 16ರವರೆಗೆ ನ್ಯೂಯಾರ್ಕ್ ಯಾಂಕೀಸ್‌ನ ಜೋ ಡಿಮ್ಯಾಜಿಯೊ ಸತತ 56 ಪಂದ್ಯಗಳಲ್ಲಿ ಕನಿಷ್ಠ ಒಂದೊಂದು ಹಿಟ್ ಹೊಡೆದರು. ಅಮೆರಿಕದಲ್ಲಿ "ಮುರಿಯದ ದಾಖಲೆ" ಅಂದ ಕೂಡಲೇ ಬಾಯಿಗೆ ಬರುವ ಸಂಖ್ಯೆ ಇದು. ಇದನ್ನು ಲೆಕ್ಕ ಹಾಕುವುದು ಹೀಗೆ.

ಒಬ್ಬ ಬ್ಯಾಟರ್‌ನ ಸರಾಸರಿ 0.300, ಅಂದರೆ ಹತ್ತು ಅವಕಾಶಕ್ಕೆ ಮೂರು ಹಿಟ್, ಅಂದುಕೊಳ್ಳಿ. ಈಗಿನ ಕಾಲಕ್ಕೆ ಅದು ತುಂಬಾ ಒಳ್ಳೆಯ ಸರಾಸರಿ. ಪಂದ್ಯಕ್ಕೆ ನಾಲ್ಕು ಅವಕಾಶ. ಒಂದು ಅವಕಾಶದಲ್ಲಿ ತಪ್ಪುವ ಸಾಧ್ಯತೆ 0.7. ನಾಲ್ಕೂ ತಪ್ಪುವ ಸಾಧ್ಯತೆ 0.7ನ್ನು ನಾಲ್ಕು ಸಲ ಗುಣಿಸಿದಷ್ಟು, ಅಂದರೆ 0.24. ಹಾಗಾಗಿ ಆ ಪಂದ್ಯದಲ್ಲಿ ಒಂದಾದರೂ ಹಿಟ್ ಸಿಗುವ ಸಾಧ್ಯತೆ 0.76. ನೂರಕ್ಕೆ 76, ಪರವಾಗಿಲ್ಲ ಅಲ್ವಾ? ಈಗ 0.76ನ್ನು 56 ಸಲ ಗುಣಿಸಿ. ಉತ್ತರ ಸುಮಾರು 48 ಲಕ್ಷದಲ್ಲಿ ಒಂದು.

ಅದೇ ಲೆಕ್ಕವನ್ನು 0.350 ಸರಾಸರಿಯವರಿಗೆ ಮಾಡಿದರೆ ಸುಮಾರು 60 ಸಾವಿರದಲ್ಲಿ ಒಂದು. 0.400 ಹೊಡೆಯುವವರು ಸಿಕ್ಕರೆ ಸುಮಾರು 2,400ರಲ್ಲಿ ಒಂದು. ಇದು ಇಂಥ ದಿನದಿಂದ ಶುರುವಾಗುವ ಇಂಥ 56 ಪಂದ್ಯಗಳ ಲೆಕ್ಕ. ಸೀಸನ್‌ನಲ್ಲಿ ಯಾವಾಗ ಬೇಕಾದರೂ ಶುರುವಾಗಬಹುದಾದ್ದರಿಂದ ನಿಜವಾದ ಸಾಧ್ಯತೆ ಇದಕ್ಕಿಂತ ಸ್ವಲ್ಪ ಹೆಚ್ಚು. ಆದರೂ ದಿಕ್ಕು ಗೊತ್ತಾಯಿತಲ್ಲ.

ಗಮನಿಸಿ, ಸರಾಸರಿ ಸ್ವಲ್ಪ ಏರಿದರೂ ಸಾಧ್ಯತೆ ಹತ್ತಾರು ಪಟ್ಟು ಏರುತ್ತದೆ. ಈಗ ಆಗುತ್ತಿರುವುದು ಉಲ್ಟಾ. 2024ರಲ್ಲಿ ಇಡೀ ಲೀಗ್‌ನ ಸರಾಸರಿ 0.243. 2023ರಲ್ಲಿ ಲೂಯಿಸ್ ಅರಾಯೆಸ್ 0.354 ಹೊಡೆದರು, ಅಂಥವರು ಅಪರೂಪ. ಜೊತೆಗೆ ಡಿಮ್ಯಾಜಿಯೊ ಒಂದೇ ಪಿಚರ್‌ನನ್ನು ಮೂರು ನಾಲ್ಕು ಸಲ ಎದುರಿಸಿ ಅಳತೆ ಹಿಡಿಯಬಹುದಿತ್ತು. ಈಗ ಒಂದೇ ಸಂಜೆಯಲ್ಲಿ ಮೂವರು ಬೇರೆ ಬೇರೆ ಪಿಚರ್‌ಗಳು ಬರುತ್ತಾರೆ. ಡಿಮ್ಯಾಜಿಯೊ ನಂತರ ಅತಿ ಹತ್ತಿರ ಬಂದವರು ಪೀಟ್ ರೋಸ್, 1978ರಲ್ಲಿ 44. ಇನ್ನೂ 12 ದೂರ.

ಲೆಕ್ಕಕ್ಕೆ ಸಿಗದ ಒಂದು ಸಂಗತಿ ಇದೆ. ಜುಲೈ 17ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಕೆನ್ ಕೆಲ್ಟ್ನರ್ ಮೂರನೇ ಬೇಸ್ ಹತ್ತಿರ ಎರಡು ಅದ್ಭುತ ಫೀಲ್ಡಿಂಗ್ ಮಾಡಿ ಆ ಸರಣಿ ನಿಲ್ಲಿಸಿದರು. ಮರುದಿನದಿಂದ ಡಿಮ್ಯಾಜಿಯೊ ಮತ್ತೆ ಸತತ 16 ಪಂದ್ಯಗಳಲ್ಲಿ ಹಿಟ್ ಹೊಡೆದರು! ಇದಕ್ಕೂ ಮೊದಲು 1933ರಲ್ಲಿ ಕಿರಿಯರ ಲೀಗ್‌ನಲ್ಲಿ ಅವರದ್ದು 61 ಪಂದ್ಯಗಳ ಸರಣಿ ಇತ್ತು. ಬರೀ ಅದೃಷ್ಟ ಅಂತ ತಳ್ಳಿಹಾಕುವವರಿಗೆ ಇದನ್ನು ಹೇಳಿ.

ಆದರೂ ನನ್ನ ಪ್ರಕಾರ 56 ಅಷ್ಟೇನೂ ಸುರಕ್ಷಿತ ಅಲ್ಲ. ಬ್ಯಾಟರ್‌ನ ಕೆಲಸ ಈಗಲೂ ಇದೆ, ದಿನಾ ನಾಲ್ಕು ಅವಕಾಶ ಈಗಲೂ ಸಿಗುತ್ತವೆ. ಎರಡೇ ತಿಂಗಳು ಸಾಕು. 749ಕ್ಕೆ ಮುಚ್ಚಿರುವ ಬಾಗಿಲು ಇದಕ್ಕೆ ಮುಚ್ಚಿಲ್ಲ.

ಹೆಜ್ಜೆ 6: ನಿಯಮ ಯಾವ ಕಡೆ ವಾಲುತ್ತಿದೆ ನೋಡಿ

ರಿಕಿ ಹೆಂಡರ್ಸನ್ ಒಟ್ಟು 1,406 ಬೇಸ್ ಕದ್ದರು, ಅಂದರೆ ಬ್ಯಾಟರ್ ಚೆಂಡು ಹೊಡೆಯುವುದನ್ನು ಕಾಯದೆ, ಪಿಚರ್ ಎಸೆಯುವ ಹೊತ್ತಿಗೆ ಮುಂದಿನ ಬೇಸ್‌ಗೆ ಓಡಿ ಸೇರಿಕೊಂಡರು. ಎರಡನೆಯವರಾದ ಲೂ ಬ್ರಾಕ್ 938. 1982ರಲ್ಲಂತೂ ಹೆಂಡರ್ಸನ್ ಒಂದೇ ಸೀಸನ್‌ನಲ್ಲಿ 130 ಕದ್ದರು. 1987ರಲ್ಲಿ ವಿನ್ಸ್ ಕೋಲ್ಮನ್ ನೂರು ದಾಟಿದ್ದೇ ಕೊನೆ. ಆಮೇಲೆ ಲೆಕ್ಕಾಚಾರದವರು ಬಂದು, ಸಿಕ್ಕಿಬಿದ್ದರೆ ಆಗುವ ನಷ್ಟ ಜಾಸ್ತಿ ಅಂದರು, ತಂಡಗಳು ಕದಿಯುವುದನ್ನೇ ಕಡಿಮೆ ಮಾಡಿದವು.

2023ರಲ್ಲಿ ಗಾಳಿ ತಿರುಗಿತು. ಬೇಸ್‌ನ ಅಗಲ 15 ಇಂಚಿನಿಂದ 18 ಆಯಿತು. ಓಟಗಾರನನ್ನು ಹಿಡಿಯಲು ಪಿಚರ್ ಬೇಸ್ ಕಡೆ ಎಸೆಯುವುದಕ್ಕೂ ಮಿತಿ ಬಂತು. ಒಬ್ಬ ಬ್ಯಾಟರ್ ಆಡುವಾಗ ಎರಡೇ ಸಲ. ಮೂರನೇ ಸಲ ಎಸೆದು ಔಟ್ ಮಾಡದಿದ್ದರೆ ಓಟಗಾರ ಆರಾಮಾಗಿ ಮುಂದಿನ ಬೇಸ್‌ಗೆ ಹೋಗಬಹುದು. ಆ ವರ್ಷವೇ ರೊನಾಲ್ಡ್ ಅಕುನ್ಯಾ 73 ಕದ್ದರು. ಮುಂದಿನ ವರ್ಷ ಶೊಹೆ ಒಟಾನಿ 59 ಕದ್ದು, ಜೊತೆಗೆ 54 ಹೋಮ್ ರನ್ ಹೊಡೆದರು.

ಹಾಗಾದರೆ 1,406 ಅಲುಗಾಡುತ್ತಾ? ಹೆಜ್ಜೆ 2ಕ್ಕೆ ವಾಪಸ್ ಹೋಗಿ ಭಾಗಿಸಿ: ವರ್ಷಕ್ಕೆ 70ರಂತೆ 20 ವರ್ಷ ಕದ್ದರೂ 1,400. ಅಕುನ್ಯಾ 2024ರ ಮೇ ತಿಂಗಳಲ್ಲಿ ಮಂಡಿ ಗಾಯವಾಗಿ ಹೊರಗೆ ಕೂತರು. ಹೆಂಡರ್ಸನ್ 25 ಸೀಸನ್ ಆಡಿದವರು. ಒಟ್ಟು ದಾಖಲೆ ಗಟ್ಟಿಯಾಗಿಯೇ ಇದೆ. ಆದರೆ ಒಂದು ಸೀಸನ್‌ನ 130? ಇನ್ನೊಂದೆರಡು ನಿಯಮ ಓಟಗಾರನ ಕಡೆ ವಾಲಿದರೆ ಅದರ ಬಗ್ಗೆ ನಾನು ಬಾಜಿ ಕಟ್ಟಲ್ಲ.

ಹೆಜ್ಜೆ 7: ದಾಖಲೆ ಪುಸ್ತಕವನ್ನೇ ತಿದ್ದುತ್ತಾರಾ ಅಂತ ಕೇಳಿ

ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಟೈ ಕಾಬ್ ಅವರ ವೃತ್ತಿಜೀವನದ ಸರಾಸರಿ 0.367 ಯಾವತ್ತೂ ಹೋಗುವುದಿಲ್ಲ ಅಂತ ಎಲ್ಲರೂ ನಂಬಿದ್ದರು. 2024ರ ಮೇ ತಿಂಗಳಲ್ಲಿ ಹೋಯಿತು, ಮೈದಾನದಲ್ಲಿ ಯಾರೂ ಬ್ಯಾಟ್ ಎತ್ತದೆ. ಕಪ್ಪು ಆಟಗಾರರನ್ನು ಮೇಜರ್ ಲೀಗ್ ಹೊರಗಿಟ್ಟಿದ್ದ ಕಾಲದಲ್ಲಿ ಅವರು ನೀಗ್ರೋ ಲೀಗ್‌ಗಳಲ್ಲಿ ಆಡುತ್ತಿದ್ದರು. 1920ರಿಂದ 1948ರವರೆಗಿನ ಆ ಲೀಗ್‌ಗಳ ಅಂಕಿಗಳನ್ನು ಅಧಿಕೃತ ದಾಖಲೆಗೆ ಸೇರಿಸಿದರು. ಜಾಶ್ ಗಿಬ್ಸನ್ 0.372ರೊಂದಿಗೆ ಮೊದಲ ಸ್ಥಾನಕ್ಕೆ ಬಂದರು. ಒಂದು ಸೀಸನ್‌ನ ಅತ್ಯುತ್ತಮ ಸರಾಸರಿಯೂ ಅವರದ್ದೇ ಆಯಿತು, 1943ರ 0.466. ಅಲ್ಲಿಯವರೆಗೆ ಹ್ಯೂ ಡಫಿ 1894ರಲ್ಲಿ ಹೊಡೆದ 0.440 ಮೇಲಿತ್ತು. ಆ ಲೀಗ್‌ಗಳ ಸೀಸನ್ ಚಿಕ್ಕದು, ಹೋಲಿಸೋದು ಸರಿಯಲ್ಲ ಅಂತ ವಾದ ಮಾಡುವವರಿದ್ದಾರೆ. ಅವರನ್ನು ಚಿಕ್ಕ ಸೀಸನ್‌ಗೆ ತಳ್ಳಿದವರು ಯಾರು ಅನ್ನೋದು ನನ್ನ ಪ್ರಶ್ನೆ. ಗಿಬ್ಸನ್ 1947ರ ಜನವರಿಯಲ್ಲಿ ತೀರಿಕೊಂಡರು. ಜಾಕಿ ರಾಬಿನ್ಸನ್ ಮೇಜರ್ ಲೀಗ್‌ಗೆ ಕಾಲಿಟ್ಟದ್ದು ಅದೇ ವರ್ಷ ಏಪ್ರಿಲ್‌ನಲ್ಲಿ.

ಸಣ್ಣ ತಿದ್ದುಪಡಿಗಳೂ ಉಂಟು. 1930ರಲ್ಲಿ ಹ್ಯಾಕ್ ವಿಲ್ಸನ್ ತಂಡಕ್ಕೆ ತಂದುಕೊಟ್ಟ ರನ್ 190 ಅಂತಿತ್ತು. ಹಳೆಯ ಸ್ಕೋರ್ ಕಾಗದಗಳನ್ನು ಮತ್ತೆ ಎಣಿಸಿ 1999ರಲ್ಲಿ 191 ಮಾಡಿದರು. ವಿಲ್ಸನ್ ತೀರಿಕೊಂಡು ಆಗಲೇ 50 ವರ್ಷ ದಾಟಿತ್ತು.

ಹೆಜ್ಜೆ 8: ಈಗ ಒಂದನ್ನು ಪೂರ್ತಿ ಮಾಡಿ ನೋಡಿ

ಬ್ಯಾರಿ ಬಾಂಡ್ಸ್ ಅವರ 2004ರ ದಾಖಲೆ ತೆಗೆದುಕೊಳ್ಳಿ. ಬ್ಯಾಟರ್ ಹೊಡೆದುಬಿಡುತ್ತಾನೆ ಅಂತ ಹೆದರಿ, ಎದುರಾಳಿ ತಂಡ ಬೇಕೆಂದೇ ಅವನನ್ನು ಮೊದಲ ಬೇಸ್‌ಗೆ ಕಳಿಸಿಬಿಡುವುದಕ್ಕೆ ಇಂಟೆನ್ಶನಲ್ ವಾಕ್ ಅನ್ನುತ್ತಾರೆ. ಆ ಸೀಸನ್‌ನಲ್ಲಿ ಬಾಂಡ್ಸ್‌ಗೆ 120 ಸಲ ಹೀಗೆ ಮಾಡಿದರು.

ಬಗೆ: ಒಂದು ಸೀಸನ್‌ನದ್ದು. ಹತ್ತಿರದವರು: ಬಾಂಡ್ಸ್ ಅವರದ್ದೇ 2002ರ 68 ಮತ್ತು 2003ರ 61. ಅವರನ್ನು ಬಿಟ್ಟರೆ 1969ರಲ್ಲಿ ವಿಲ್ಲಿ ಮಕೋವಿಯವರ 45. ಕೆಲಸ ಇದೆಯಾ: ಇದೆ, ಆದರೆ ಮಾಡಬೇಕಾದವರು ಎದುರಾಳಿ ಮ್ಯಾನೇಜರ್‌ಗಳು. ಒಬ್ಬರನ್ನು ಪುಕ್ಕಟೆ ಬೇಸ್‌ಗೆ ಕಳಿಸಿದರೆ ಬಹಳಷ್ಟು ಸಲ ನಷ್ಟವೇ ಅಂತ ಅಂಕಿಗಳು ಹೇಳಿದ ಮೇಲೆ ಅವರು ಈ ತಂತ್ರವನ್ನು ಕೈಬಿಡುತ್ತಾ ಬಂದಿದ್ದಾರೆ. ನಿಯಮ: 2017ರಿಂದ ಅದಕ್ಕಾಗಿ ಬೇಕೆಂದೇ ಹೊರಗೆ ನಾಲ್ಕು ಚೆಂಡು ಎಸೆಯುವುದೂ ಬೇಡ, ಮ್ಯಾನೇಜರ್ ಕೈ ಸನ್ನೆ ಮಾಡಿದರೆ ಸಾಕು. ಸುಲಭವಾದರೂ ಸಂಖ್ಯೆ ಏರಿಲ್ಲ.

ಈ ಒಂದು ವಿಷಯದಲ್ಲಿ ಮಾತ್ರ ನನ್ನ ಮೊದಲ ನಿಯಮ, ಕೆಲಸ ನೋಡಿ ಆಟಗಾರನನ್ನು ಆಮೇಲೆ ನೋಡಿ ಅನ್ನೋದು, ಅಷ್ಟಾಗಿ ಹೊಂದಲ್ಲ. 1998ರ ಮೇ 28ರಂದು ಅರಿಜೋನಾ ತಂಡ 8-6ರಿಂದ ಮುಂದಿತ್ತು, ಕೊನೆಯ ಇನಿಂಗ್ಸ್, ಎರಡು ಔಟ್ ಆಗಿತ್ತು, ಮೂರೂ ಬೇಸ್ ತುಂಬಿದ್ದವು. ಮ್ಯಾನೇಜರ್ ಬಕ್ ಶೋವಾಲ್ಟರ್ ಬಾಂಡ್ಸ್‌ಗೆ ಬೇಕೆಂದೇ ವಾಕ್ ಕೊಡಿಸಿ, ಕೈಯಾರೆ ಒಂದು ರನ್ ಬಿಟ್ಟುಕೊಟ್ಟರು. 8-7. ಮುಂದಿನ ಬ್ಯಾಟರ್ ಔಟಾದ, ಅರಿಜೋನಾ ಗೆದ್ದಿತು. ಇಷ್ಟು ಹೆದರಿಸುವ ಬ್ಯಾಟರ್ ಹುಟ್ಟಬೇಕು, ಹೀಗೆ ಹೆದರುವ ಮ್ಯಾನೇಜರ್‌ಗಳೂ ಒಂದೇ ಕಾಲಕ್ಕೆ ಸಿಗಬೇಕು. 120ನ್ನು ನಾನು 749ರ ಪಕ್ಕದಲ್ಲೇ ಇಡುತ್ತೇನೆ.

ಮುಂದಿನದಕ್ಕೆ ರಿಪ್ಕೆನ್ ಅವರ ಸತತ 2,632 ಪಂದ್ಯ ತೆಗೆದುಕೊಳ್ಳಿ. 162ರಿಂದ ಭಾಗಿಸಿ, 16 ಸೀಸನ್‌ಗಿಂತ ಜಾಸ್ತಿ ಬರುತ್ತದೆ. ಆಮೇಲೆ ಅಟ್ಲಾಂಟಾದ ಮ್ಯಾಟ್ ಓಲ್ಸನ್ ಅವರ ಪುಟ ತೆರೆಯಿರಿ. 2021ರಲ್ಲಿ ಶುರುವಾದ ಅವರ ಸರಣಿ 2025ರ ಸೀಸನ್ ಮುಗಿಯುವಾಗ 700 ದಾಟಿತ್ತು. ಅವರ ವಯಸ್ಸು ನೋಡಿ, ಉಳಿದ ಪಂದ್ಯಗಳನ್ನು ಕಳೆಯಿರಿ.